ಪಾಲು ಮತ್ತು ಪಾಳಿ

ಅಪ್ಪ ತೀರಿಕೊಂಡ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಕಾಕಾನ ಮುಂದೆ ಹೊಲದ ಮಾತು ತೆಗೆದೆ. ನಮ್ಮದು ವಿಜಯಪುರ ಜಿಲ್ಲೆಯ ಡೋಣಿ ದಂಡೆಯ ಊರು. ಅಜ್ಜನ ಹದಿಮೂರು ಎಕರೆ ಎರಡು ಪಾಲಾಗಿ ಅಪ್ಪನಿಗೆ ಆರೂವರೆ, ಕಾಕಾನಿಗೆ ಆರೂವರೆ ಬಂದಿತ್ತು. ಅಪ್ಪ ನೌಕರಿಗೆ ಹೋದವನು. ನಲವತ್ತು ವರ್ಷದಿಂದ ಎರಡೂ ಪಾಲನ್ನು ಮಾಡುತ್ತಿರುವವನು ಕಾಕಾನೇ. ಅವನಿಗೀಗ ಎಪ್ಪತ್ತು ದಾಟಿದೆ. ಮೊಣಕಾಲು ಹಿಡಿದುಕೊಂಡಿವೆ. ಮಗ ಪುಣೆಯಲ್ಲಿ ಕಂಪನಿ ಕೆಲಸದಲ್ಲಿದ್ದಾನೆ, ಹೊಲಕ್ಕೆ ಬರುವವನಲ್ಲ. ಹಿಂದಿನ ವರ್ಷದ ತೊಗರಿ ಹೂ ಬಿಡುವ ಹೊತ್ತಿಗೆ ನೆಟೆ ರೋಗಕ್ಕೆ ಒಣಗಿ ನಿಂತಿತ್ತು. ಇಷ್ಟನ್ನೂ ಮನಸ್ಸಿನಲ್ಲೇ ಕೂಡಿಸಿ ಕಳೆದು ಹೇಳಿದೆ: "ಕಾಕಾ, ಇನ್ನ ಸಾಕ್ ಮಾಡು. ಎಲ್ಲಾ ಮಾರಿ ಬ್ಯಾಂಕಿನ್ಯಾಗ ಇಟ್ರ ಬಡ್ಡಿ ಮ್ಯಾಲೆ ಆರಾಮ ಇರಬಹುದು."

ಕಾಕಾ ಸಿಟ್ಟಾಗಲಿಲ್ಲ. ಎಲೆಯಡಿಕೆ ಚೀಲ ಬಿಚ್ಚಿದ, ಎಲೆಗೆ ಸುಣ್ಣ ಸವರಿದ, ಮಡಿಚಿ ಬಾಯಿಗಿಟ್ಟುಕೊಂಡು ಅಂದ: "ನಿನ್ನ ಪಾಲು ನೀ ಮಾರ್ಕೊ ತಮ್ಮಾ. ನನ್ನ ಪಾಳಿ ಇನ್ನೂ ಮುಗದಿಲ್ಲ."

ಬೆಂಗಳೂರಿಗೆ ಮರಳುವ ರಾತ್ರಿ ಬಸ್ಸಿನಲ್ಲಿ ಆ ಮಾತು ನಿದ್ದೆ ಮಾಡಗೊಡಲಿಲ್ಲ. ಪಾಲು, ಪಾಳಿ. ಕಿವಿಗೆ ಒಂದೇ ಬೀಜದ ಎರಡು ಸಸಿಗಳಂತೆ ಕೇಳುತ್ತವೆ. ಆದರೆ ಪಾಲು ಎಂದರೆ ನನ್ನದೆಂದು ಹಂಚಿ ಬಂದದ್ದು. ಅದನ್ನು ಇಟ್ಟುಕೊಳ್ಳಬಹುದು, ಮಾರಬಹುದು, ಗೋಡೆ ಕಟ್ಟಿ ಬೀಗ ಹಾಕಬಹುದು. ಪಾಳಿ ಎಂದರೆ ಸರದಿ. ಬಾವಿ ನೀರಿಗೆ ಪಾಳಿ ಇರುತ್ತದೆ, ಗುಡಿಯ ಪೂಜೆಗೆ ಪಾಳಿ ಇರುತ್ತದೆ, ರಾತ್ರಿ ಬೆಳೆ ಕಾಯುವುದಕ್ಕೆ ಪಾಳಿ ಇರುತ್ತದೆ. ನನಗಿಂತ ಮೊದಲು ಯಾರೋ ಮಾಡಿ ಎದ್ದು ಹೋಗಿದ್ದಾರೆ, ನಾನು ಎದ್ದ ಮೇಲೆ ಇನ್ನೊಬ್ಬರು ಬರುತ್ತಾರೆ. ನಡುವೆ ನನ್ನ ಹೊತ್ತಿನಲ್ಲಿ ದೀಪ ಆರಬಾರದು, ಅಷ್ಟೆ. ಪಾಳಿ ಎಂಬ ಮಾತಿನೊಳಗೇ ಅದು ಮುಗಿಯುತ್ತದೆಂಬ ತಿಳಿವಳಿಕೆ ಇದೆ.

ರೈತ ಹೊಲವನ್ನು ಯಾಕೆ ಬಿಡುವುದಿಲ್ಲ ಎಂದು ಕೇಳುವವರು ಸಾಮಾನ್ಯವಾಗಿ ಒಂದು ಉತ್ತರವನ್ನು ತಾವೇ ಕೊಟ್ಟುಕೊಂಡಿರುತ್ತಾರೆ. ಭೂಮಿ ಶಾಶ್ವತ, ಮಿಕ್ಕದ್ದೆಲ್ಲ ಹೋಗುವಂಥದ್ದು, ಆದ್ದರಿಂದ ಅವನು ಅದಕ್ಕೆ ಅಂಟಿಕೊಂಡಿದ್ದಾನೆ ಎಂದು. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ. ಈಗ ಹಾಗನಿಸುವುದಿಲ್ಲ. ಶಾಶ್ವತದ ಆಸೆ ಇದ್ದವನು ಒಕ್ಕಲುತನ ಮಾಡಲಾರ. ನಾಶವನ್ನು ಇಷ್ಟು ಹತ್ತಿರದಿಂದ, ಇಷ್ಟು ಸಲ, ಕೈಯಿಂದ ಮುಟ್ಟಿ ನೋಡಿದವರು ಬೇರೆ ಯಾರಿದ್ದಾರೆ? ಹಾಲುಗಾಳು ಕಟ್ಟಿದ ಜೋಳ ಒಂದೇ ಬೆಳಗಿನ ಆಲಿಕಲ್ಲಿಗೆ ಮಲಗುವುದನ್ನು ಕಾಕಾ ಕಂಡಿದ್ದಾನೆ. ಹನ್ನೆರಡು ವರ್ಷ ಜತೆಗೆ ದುಡಿದ ಎತ್ತನ್ನು ಹೊಲದ ಮೂಲೆಯಲ್ಲಿ ಹೂಳಿದ್ದಾನೆ. ಅಜ್ಜ, ಅಜ್ಜಿ, ಅಪ್ಪ ಮೂವರೂ ಅದೇ ಹೊಲದ ಬನ್ನಿ ಮರದ ಆಚೆ ಮಣ್ಣಾಗಿದ್ದಾರೆ. ಎಲ್ಲವೂ ಹೋಗುತ್ತದೆ ಎಂಬುದನ್ನು ಅವನಿಗೆ ಯಾವ ಸ್ವಾಮಿಗಳೂ ಪ್ರವಚನದಲ್ಲಿ ಹೇಳಬೇಕಾಗಿಲ್ಲ.

ನಮಗೆ ಈ ಪಾಠ ಬಾಲ್ಯದಲ್ಲೇ ಆಗಿರುತ್ತದೆ, ಗೊತ್ತಾಗಿರುವುದಿಲ್ಲ. ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅವ್ವ ಹೊಲದಿಂದ ಎರೆಮಣ್ಣು ತಂದು ನೆನೆಸಿ, ನಾದಿ, ಎರಡು ಎತ್ತು ಮಾಡುತ್ತಿದ್ದಳು. ಜತೆಗೊಂದು ಗ್ವಾದಲಿ, ಅಂದರೆ ಮೇವು ಹಾಕುವ ಜಾಗ. ಕೊಂಬಿಗೆ ಕುಸುಬೆ ಕಾಳು ಚುಚ್ಚುವುದು ನನ್ನ ಕೆಲಸ, ಕಣ್ಣಿಗೆ ಗುಲಗಂಜಿ ಇಡುವುದು ತಂಗಿಯ ಕೆಲಸ. ಜಗಲಿಯ ಮೇಲಿಟ್ಟು ಪೂಜೆ ಮಾಡಿ, ಹೋಳಿಗೆಯ ಎಡೆ ಹಿಡಿದು, ಕೊನೆಗೆ ಮಾಳಿಗೆಯ ಮೇಲೆ ಇಡುತ್ತಿದ್ದೆವು. ಮುಂಗಾರಿನ ಎರಡು ಜೋರು ಮಳೆಗೆ ಎತ್ತು ಕರಗಿ ಮಾಳಿಗೆಯ ಮಣ್ಣಿನಲ್ಲಿ ಸೇರಿಹೋಗುತ್ತಿದ್ದವು. ಒಂದು ವರ್ಷ ತಂಗಿ ತಟ್ಟೆ ಮುಚ್ಚಿ ಅವನ್ನು ಉಳಿಸಿಕೊಳ್ಳಲು ನೋಡಿದಳು. ಅವ್ವ ತಟ್ಟೆ ತೆಗೆದಿಟ್ಟು, "ಮುಂದಿನ ವರ್ಷ ಏನ್ ಮಾಡ್ತಿ ಹಂಗಾರ?" ಅಂದಳು. ಕರಗದಿದ್ದರೆ ಮುಂದಿನ ವರ್ಷ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ ಎಂಬುದು ಅವಳ ಮಾತಿನ ಅರ್ಥ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುವ ಜೋಕುಮಾರನೂ ಮಣ್ಣಿನವನೇ. ಅವನ ಆಯುಷ್ಯ ಏಳೇ ದಿನ. ಆ ಏಳು ದಿನದಲ್ಲಿ ಊರೂರು ತಿರುಗಿ, ಮಳೆ ಕೇಳಿ, ಸತ್ತುಹೋಗುತ್ತಾನೆ. ಅವನ ಹೆಸರಿನ ನುಚ್ಚನ್ನು ನಮ್ಮವರು ಬೆಳೆಗೆ ಚೆಲ್ಲುತ್ತಾರೆ. ಬಾಳಿಕೆ ಬರುವ ಕಲ್ಲಿನ ದೇವರು ಊರಿಗೆ ಬೇಕಾದಷ್ಟಿವೆ. ಹೊಲದ ದೇವರುಗಳನ್ನು ಮಾತ್ರ ನಮ್ಮ ಹಿರಿಯರು ಕರಗುವ ಮಣ್ಣಿನಲ್ಲೇ ಮಾಡಿದರು. ಇದು ಆಕಸ್ಮಿಕ ಎಂದು ನನಗನಿಸುವುದಿಲ್ಲ.

ಇನ್ನು ಮಣ್ಣಾದರೂ ಶಾಶ್ವತವೆ? ನಮ್ಮ ಎರೆ ಹುಟ್ಟಿದ್ದು ಬೆಂಕಿಯಿಂದ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ಆರಿ ಕಪ್ಪು ಬಸಾಲ್ಟ್ ಕಲ್ಲಾಯಿತು. ಆ ಕಲ್ಲು ಬಿಸಿಲಿಗೆ, ನೀರಿಗೆ ಶಿಥಿಲವಾಗಿ ಪುಡಿಯಾಗಿ ಈ ಮಣ್ಣಾಯಿತು. ಕಲ್ಲು ಸಾಯದೆ ಮಣ್ಣಿಲ್ಲ. ಹುಟ್ಟಿದ ಮೇಲೂ ಅದು ಸುಮ್ಮನಿರುವುದಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಉದುರುತ್ತದೆ. ಮಳೆ ಬಿದ್ದಾಗ ಉಬ್ಬಿ ಒಳಗಿನದನ್ನು ಮೇಲೆ ದೂಡುತ್ತದೆ. ಎರೆ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದು ಹಳಬರು ಹೇಳುವುದು ಇದನ್ನೇ. ಹುಡುಗನಾಗಿದ್ದಾಗ ಅಂಥ ಒಂದು ಬಿರುಕಿನಲ್ಲಿ ನನ್ನ ಎಂಟಾಣೆ ಬಿದ್ದುಹೋಗಿ ಅತ್ತಿದ್ದೆ. ಕಾಕಾ, "ಇರಲಿ ಬಿಡು, ನಿನ್ನ ಮೊಮ್ಮಕ್ಕಳ ಕಾಲಕ್ಕ ಮ್ಯಾಲ ಬರತೈತಿ" ಅಂದಿದ್ದ. ಸಮಾಧಾನಕ್ಕೆ ಹೇಳಿದ್ದು ಅಂದುಕೊಂಡಿದ್ದೆ. ಈಗ ನೋಡಿದರೆ ಅವನು ನೆಲದ ಗುಣವನ್ನೇ ಹೇಳಿದ್ದ.

ಡೋಣಿಯ ವಿಷಯ ಬೇರೆಯೇ. ನಮ್ಮ ಕಡೆ ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎನ್ನುತ್ತಾರೆ. ಉಪ್ಪುನೀರಿನ ಹೊಳೆ ಅದು, ಕುಡಿಯಲು ಬಾರದು. ಆದರೆ ಅದರ ಬಯಲಿನ ಕಪ್ಪು ನೆಲದಲ್ಲಿ ಬೆಳೆಯುವ ಹಿಂಗಾರಿ ಜೋಳಕ್ಕೆ ಸಾಟಿಯಿಲ್ಲ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತಿದ ಮೇಲೆ ಮತ್ತೆ ಮಳೆ ಬರಲಿ ಬಿಡಲಿ, ನೆಲ ಹಿಡಿದಿಟ್ಟುಕೊಂಡ ಹಸಿ ಮತ್ತು ಚಳಿಗಾಲದ ಇಬ್ಬನಿಯನ್ನು ನಂಬಿ ಆ ಪೈರು ಆಳೆತ್ತರ ನಿಲ್ಲುತ್ತದೆ. ಅದೇ ಡೋಣಿ, ಪಾತ್ರದಲ್ಲಿ ಹೂಳು ತುಂಬಿ, ಜಾಲಿ ಬೆಳೆದು, ಜೋರು ಮಳೆಯ ವರ್ಷ ದಂಡೆ ಮೀರಿ ಹೊಲಕ್ಕೆ ನುಗ್ಗುತ್ತದೆ. ಬೆಳೆಯ ಜತೆ ಬದುವೂ ಹೋಗುತ್ತದೆ. ಒಂದು ವರ್ಷ ನಮ್ಮ ಹೊಲದ ಕೆಳಗಿನ ತುದಿ ಎರಡು ಗುಂಟೆಯಷ್ಟು ಕೊಚ್ಚಿಹೋಯಿತು. ಪಹಣಿಯಲ್ಲಿ ಅದು ಇನ್ನೂ ಇದೆ. ಯಾವ ಊರಿನ ಯಾರ ಹೊಲದ್ದೋ ಆದ ಮೆಕ್ಕಲು ನಮ್ಮ ನಡುಹೊಲದಲ್ಲಿ ಬಂದು ಕೂತಿತು. ಮುಂದಿನ ಹಿಂಗಾರಿಗೆ ಅಲ್ಲಿನ ಜೋಳದ ತೆನೆ ಬೇರೆಲ್ಲ ಕಡೆಗಿಂತ ದಪ್ಪ ಬಂತು. ಅದನ್ನು ಕೊಯ್ಯುವಾಗ ಕಾಕಾ, "ಇದು ಯಾರ ಪಾಲೋ ಏನೋ" ಅಂದಿದ್ದ.

ಕೃಷ್ಣಾ ದಂಡೆಯ ರಕ್ಕಸಗಿ, ತಂಗಡಗಿ ನಮ್ಮಿಂದ ಬಹಳ ದೂರವಿಲ್ಲ. 1565ರ ಜನವರಿಯಲ್ಲಿ ವಿಜಯನಗರದ ಸೈನ್ಯಕ್ಕೂ ಸುಲ್ತಾನರ ಸೈನ್ಯಕ್ಕೂ ಯುದ್ಧವಾಯಿತೆಂದು ಶಾಲೆಯಲ್ಲಿ ಓದಿದೆವು. ಯಾರ ಆನೆ ಎಷ್ಟು, ಯಾರ ತೋಪು ಎಷ್ಟು ಎಂದು ಬಾಯಿಪಾಠ ಮಾಡಿದೆವು. ಜನವರಿ ಎಂಬುದನ್ನು ಮಾತ್ರ ಯಾರೂ ಎತ್ತಿ ಹೇಳಲಿಲ್ಲ. ಜನವರಿ ಎಂದರೆ ಈ ಸೀಮೆಯಲ್ಲಿ ಹಿಂಗಾರಿ ಜೋಳ ತೆನೆ ತೂಗುವ ಕಾಲ. ಅಷ್ಟು ದೊಡ್ಡ ದಂಡುಗಳು, ಕುದುರೆ, ಆನೆ, ಗಾಡಿ, ಎಲ್ಲ ತುಳಿದದ್ದು ಯಾರ ಜೋಳವನ್ನು? ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಗೆದ್ದವರಲ್ಲಿ ಒಬ್ಬರಾದ ವಿಜಯಪುರದ ಸುಲ್ತಾನರ ವಂಶವೂ 1686ಕ್ಕೆ ಮುಗಿಯಿತು. ಗೋಳಗುಮ್ಮಟ ಉಳಿದಿದೆ, ನೋಡಲು ಮಂದಿ ಬರುತ್ತಾರೆ. ಜೋಳ ಕಳೆದುಕೊಂಡವನು ಅದೇ ವರ್ಷ ಉತ್ತರಿ ಮಳೆಗೆ ಮತ್ತೆ ಕೂರಿಗೆ ಹೂಡಿರಲೇಬೇಕು. ಹೂಡದಿದ್ದರೆ ಇವತ್ತು ಆ ಬಯಲಿನಲ್ಲಿ ಊರುಗಳಿರುತ್ತಿರಲಿಲ್ಲ.

ಮತ್ತೆ ಹೂಡುವುದಕ್ಕೆ ಜೀವವೇ ಉಳಿಯದ ಕಾಲವೂ ಇತ್ತು. 1876ರಿಂದ 78ರ ಬರದಲ್ಲಿ ಈ ಸೀಮೆಯಲ್ಲಿ ಬಹಳ ಮಂದಿ ಸತ್ತರು. ಆಗ ಇದಕ್ಕೆ ಕಲಾದಗಿ ಜಿಲ್ಲೆ ಎಂದು ಹೆಸರು. 1872ರ ಜನಗಣತಿಗೂ 1881ರದಕ್ಕೂ ನಡುವೆ ಜಿಲ್ಲೆಯ ಮಂದಿ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಿದ್ದರು. ಎಷ್ಟೋ ಹೊಲ ಬೀಳು ಬಿದ್ದವು. ನಮ್ಮಲ್ಲಿ ಬೀಳು ಎಂಬ ಮಾತಿಗಿರುವ ಭಾರ ಪಟ್ಟಣದವರಿಗೆ ತಿಳಿಸುವುದು ಕಷ್ಟ. ಹೊಲ ಮಾರಿದರೆ ಕಷ್ಟ ಬಂತು ಪಾಪ ಎನ್ನುತ್ತಾರೆ. ಇಟ್ಟುಕೊಂಡು ಬೀಳು ಬಿಟ್ಟರೆ ಎದುರಿಗೆ ಸಿಕ್ಕವರೂ ಮುಖ ತಿರುಗಿಸುತ್ತಾರೆ. ಪಾಲು ಕಳೆದುಕೊಂಡದ್ದು ದುರ್ದೈವ, ಪಾಳಿ ತಪ್ಪಿಸಿದ್ದು ತಪ್ಪು ಎಂಬ ಲೆಕ್ಕ ಅದು. ಹೊಲವನ್ನು ಇಟ್ಟುಕೊಂಡಿದ್ದೇವೆ ಎಂದು ನಮ್ಮವರು ಹೇಳುವುದು ಕಡಿಮೆ. ಹೊಲ ಮಾಡುತ್ತೇವೆ ಎನ್ನುತ್ತಾರೆ. ರೊಟ್ಟಿ ಮಾಡಿದಂತೆ, ದಿನಾ ಮಾಡಬೇಕಾದದ್ದು.

ಪಾಲು ಪೂರ್ತಿ ಹೋದ ಮೇಲೂ ಪಾಳಿ ಉಳಿಯುತ್ತದೆಯೆ? ಇದಕ್ಕೆ ಉತ್ತರವನ್ನು ನಾನು ಬೀಳಗಿ ಕಡೆಯ ನಮ್ಮ ಸೋದರಮಾವನಲ್ಲಿ ಕಂಡೆ. ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ನೀರು ಬರುತ್ತದೆ ಬರುತ್ತದೆ ಎನ್ನುತ್ತಲೇ ಒಂದು ತಲೆಮಾರು ಬಿತ್ತಿ ಬೆಳೆಯಿತು. ಕೊನೆಗೆ ನೀರು ಬಂದೇ ಬಂತು. ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು, ಹಳ್ಳಿಗಳು ಗುಡ್ಡ ಹತ್ತಿದವು, ಮಾವನ ಎಂಟು ಎಕರೆ ಹಿನ್ನೀರಿನಡಿ ಸೇರಿತು. ಪರಿಹಾರದ ಹಣ ಬಂತು, ಪಹಣಿಯಿಂದ ಹೆಸರು ಹೋಯಿತು, ಹಣವೂ ಹೋಯಿತು. ಆದರೆ ಪ್ರತಿ ವರ್ಷ ನೀರು ಹಿಂದಕ್ಕೆ ಸರಿಯುವ ಹೊತ್ತಿಗೆ ಮಾವ ಪುನರ್ವಸತಿ ಊರಿನಿಂದ ಆರು ಕಿಲೋಮೀಟರ್ ನಡೆದು ಅಲ್ಲಿಗೆ ಹೋಗುತ್ತಿದ್ದ. ಕೆಸರಿನ ನಡುವೆ ತನ್ನ ಬದು ಯಾವುದು, ಬಾವಿ ಎಲ್ಲಿತ್ತು ಎಂದು ಅವನ ಕಾಲಿಗೆ ಗೊತ್ತಿತ್ತು. ಹಸಿ ಆರುವುದರೊಳಗೆ ಒಂದಷ್ಟು ಕಾಳು ಚೆಲ್ಲುತ್ತಿದ್ದ. ಕೆಲವು ವರ್ಷ ಕೈಗೆ ಬರುತ್ತಿತ್ತು, ಕೆಲವು ವರ್ಷ ಇಲ್ಲ. ಕಾಗದದ ಪ್ರಕಾರ ಆ ನೆಲ ಅವನದಲ್ಲ. ಅವನೂ ನನ್ನದು ಎಂದು ಹೇಳುತ್ತಿರಲಿಲ್ಲ. "ನೀರು ಬಿಟ್ಟಾಗ ನಮ್ಮ ಪಾಳಿ" ಅನ್ನುತ್ತಿದ್ದ. ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಕೊಟ್ಟ ತೀರ್ಪಿನಂತೆ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದು. ಅಂದರೆ ಇನ್ನೂ ಎಷ್ಟೋ ಊರಿನವರು ಇವತ್ತು ಬಿತ್ತುವಾಗ ಇದು ಮುಳುಗುವ ನೆಲ ಎಂದು ತಿಳಿದೇ ಬಿತ್ತುತ್ತಿದ್ದಾರೆ. ಮುಂದೆ ನೀರಾಗುವ ಹೊಲದ ಕಳೆಯನ್ನು ಅಷ್ಟೇ ಶ್ರದ್ಧೆಯಿಂದ ಕೀಳುವ ಕೈಗಳನ್ನು ನೆನೆದಾಗ ನನಗೆ ಬೇರೆ ಯಾವ ಧ್ಯಾನದ ಮಾತೂ ಬೇಡವೆನಿಸುತ್ತದೆ.

ಇದೆಲ್ಲ ಬೆಲೆಯಿಲ್ಲದ ಒಣಬೇಸಾಯದ ಸೀಮೆಯ ಕಥೆ, ಒಳ್ಳೆ ದರ ಬಂದರೆ ಯಾರೂ ನಿಲ್ಲುವುದಿಲ್ಲ ಎನ್ನುವವರಿದ್ದಾರೆ. ಅವರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯನ್ನು ನೋಡಬೇಕು. ವಿಮಾನ ನಿಲ್ದಾಣದ ಹತ್ತಿರದ ನೆಲ, ಎಕರೆಗೆ ಕೋಟಿಗಳ ಮಾತು. 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಸರ್ಕಾರ ಹೊರಟಾಗ ಅಲ್ಲಿನ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಟ್ಟಿತು. ಅಲ್ಲಿ ಮಾರಲು ಮನಸ್ಸಿದ್ದವರೂ ಇದ್ದರು, ಅದನ್ನು ಮುಚ್ಚಿಡುವುದು ಬೇಡ. ಆದರೆ ರಾಗಿ, ದ್ರಾಕ್ಷಿ, ತರಕಾರಿ ಬೆಳೆಯುತ್ತ ಕೋಟಿಯ ಮುಂದೆ ಕದಲದೆ ಕೂತವರನ್ನು ನಡೆಸಿದ್ದು ಬಡ್ಡಿಯ ಲೆಕ್ಕವಂತೂ ಅಲ್ಲ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ರೈತನ ಈ ನಿಷ್ಠೆಯನ್ನು ಹೊಗಳುವುದು ಸುಲಭ, ಹೊಗಳುತ್ತಲೇ ಅವನನ್ನು ಸಾಯಗೊಡುವುದೂ ಸುಲಭ. ಎಷ್ಟೋ ಜನ ಹೊಲದಲ್ಲಿರುವುದು ಬೇರೆ ದಾರಿಯಿಲ್ಲದೆ. ನಮ್ಮ ಊರಿನಲ್ಲೇ ಸಾಲಕ್ಕೆ ಅಂಜಿ ಜೀವ ಕಳೆದುಕೊಂಡವರ ಮನೆಗಳಿವೆ. ಅವರ ಪಾಳಿ ನಡುವೆಯೇ ತುಂಡಾಯಿತು. ಅದಕ್ಕೆ ಅನಿತ್ಯದ ತತ್ವ ಹೇಳುವುದು ಪಾಪ. ಆಲಿಕಲ್ಲು ಬೀಳುವುದು ಪ್ರಕೃತಿ. ಬೆಳೆದ ತೊಗರಿಗೆ ಖರ್ಚು ಹುಟ್ಟದ ದರ ಸಿಗುವುದು ಮನುಷ್ಯರ ಕೆಲಸ, ಅದನ್ನು ಮನುಷ್ಯರೇ ಸರಿಮಾಡಬೇಕು.

ಹೊಲ ಸಣ್ಣದಾಗುತ್ತಿದೆ ಎಂಬುದೂ ನಿಜ. ದೇಶದಲ್ಲಿ ಒಂದು ಹಿಡುವಳಿಯ ಸರಾಸರಿ 1970–71ರಲ್ಲಿ 2.28 ಹೆಕ್ಟೇರ್ ಇತ್ತು. 2015–16ರ ಕೃಷಿ ಗಣತಿಯಲ್ಲಿ 1.08 ಹೆಕ್ಟೇರ್. ಅಜ್ಜನ ಹದಿಮೂರು, ಅಪ್ಪನ ಆರೂವರೆ, ನಮ್ಮದು ಇನ್ನೂ ಕಡಿಮೆ. ಪಾಲು ತುಂಡಾಗುತ್ತ ಹೋಗಿ ಒಂದು ದಿನ ಬದುವಷ್ಟೇ ಉಳಿಯಬಹುದು. ಪಾಳಿಗೆ ಮಾತ್ರ ಈ ಭಾಗಾಕಾರ ತಟ್ಟುವುದಿಲ್ಲ. ಒಂದು ಹೊತ್ತಿಗೆ ಒಬ್ಬರಾದರೂ ಎದ್ದು ಹೊಲಕ್ಕೆ ಹೋಗಲೇಬೇಕು.

ಹಾಗೆ ಹೋಗುವವರ ಹೆಸರು ಕಾಗದದಲ್ಲಿರುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಪಾಳಿ ಮಾಡಿದವನಿಗೇ ಪಾಲು ಸೇರಬೇಕು ಎಂದು ಈ ರಾಜ್ಯ ಒಮ್ಮೆ ಗಟ್ಟಿಯಾಗಿ ಹೇಳಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಅರ್ಜಿ ಹಾಕಿ ಉಳುವ ಹೊಲದ ಒಡೆಯರಾದರು. ಆಗ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರ ಫೋಟೋ ಇನ್ನೂ ಎಷ್ಟೋ ಮನೆಯ ಜಗಲಿಯ ಮೇಲಿರುವುದು ಅದಕ್ಕೇ. ಹೆಂಗಸರ ವಿಷಯದಲ್ಲಿ ನಾವು ಅಷ್ಟು ಗಟ್ಟಿಯಾಗಿ ಹೇಳಲಿಲ್ಲ. ಉಡಿಯಲ್ಲಿ ಕಾಳು ತುಂಬಿಕೊಂಡು ಕೂರಿಗೆಯ ಬಟ್ಟಲಿಗೆ ಒಂದೊಂದೇ ಬಿಡುತ್ತ ಹೊಲದುದ್ದ ನಡೆಯುವವಳು ಅವ್ವ. ಬೀಜದ ಜೋಳವನ್ನು ಬೂದಿ ಬೆರೆಸಿ ಹುಳ ಹತ್ತದಂತೆ ಇಡುವವಳು ಅವ್ವ. ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿ, ಎಳ್ಳು ಹೋಳಿಗೆ, ಪುಂಡಿ ಪಲ್ಯ ಮಾಡಿ ಬುಟ್ಟಿ ಹೊತ್ತು ಹೋಗಿ, ಬನ್ನಿ ಮರದ ಬುಡದಲ್ಲಿ ಪೂಜೆ ಮಾಡಿ ಹೊಲಕ್ಕೆ ಚರಗ ಚೆಲ್ಲುವ ಅಡಿಗೆ ಅವಳದು. 2015–16ರ ಗಣತಿಯಲ್ಲಿ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ನೂರಕ್ಕೆ ಹದಿನಾಲ್ಕರಷ್ಟು ಮಾತ್ರ. ಬದುಕಿಡೀ ಪಾಳಿ ಮಾಡಿದವಳಿಗೆ ಪಾಲಿಲ್ಲ. ಒಂದು ದಿನವೂ ಕುಂಟೆ ಹಿಡಿಯದ ನನಗೆ ಪಾಲಿದೆ.

ಪಹಣಿಯ 9ನೆಯ ಕಾಲಮ್ಮಿನಲ್ಲಿ ಒಡೆಯರ ಹೆಸರಿರುತ್ತದೆ. 11ನೆಯ ಕಾಲಮ್ಮಿನಲ್ಲಿ ಹಕ್ಕುಗಳು ಎಂದೂ ಋಣಗಳು ಎಂದೂ ಬರೆದಿರುತ್ತದೆ. ಋಣ ಎಂದರೆ ಅಲ್ಲಿ ಬ್ಯಾಂಕಿನ, ಸೊಸೈಟಿಯ ಸಾಲ. ಅಪ್ಪನ ಪಹಣಿ ಕೈಯಲ್ಲಿ ಹಿಡಿದು ನಾಡಕಚೇರಿಯ ಹೊರಗೆ ಕೂತಿದ್ದಾಗ ಆ ಶಬ್ದವನ್ನು ಬಹಳ ಹೊತ್ತು ನೋಡಿದೆ. ನಮ್ಮ ಕಡೆ ಅನ್ನದ ಋಣ, ನೀರಿನ ಋಣ ಎನ್ನುತ್ತಾರೆ. ಒಬ್ಬರು ಊರು ಬಿಟ್ಟರೆ ಇಲ್ಲಿಯ ಋಣ ಮುಗಿಯಿತು ಎನ್ನುತ್ತಾರೆ. ತೀರಿಸಿ ಮುಗಿಸುವ ಸಾಲವಲ್ಲ ಅದು. ಯಾರಿಂದ ಪಡೆದೆವೋ ಅವರಿಗೆ ಕೊಡಲು ಅವರು ಉಳಿದಿರುವುದಿಲ್ಲ, ಆದ್ದರಿಂದ ಮುಂದಿನವರಿಗೆ ಕೊಡಬೇಕು. ಅಜ್ಜ ಬರಗಾಲದಲ್ಲೂ ಬೀಜದ ಜೋಳ ತಿನ್ನದೆ ಹಗೇವಿನಲ್ಲಿ ಉಳಿಸಿದ್ದ. 1972ರ ಬರದಲ್ಲಿ ಹದಿನೆಂಟರ ಹುಡುಗನಾಗಿದ್ದ ಕಾಕಾ ಕಾಮಗಾರಿಯಲ್ಲಿ ಕಲ್ಲು ಹೊತ್ತು ಕಟ್ಟಿದ ಒಡ್ಡು ಇವತ್ತಿಗೂ ನಮ್ಮ ಹೊಲದ ಮಣ್ಣು ಹಿಡಿದು ನಿಂತಿದೆ. ಒಡ್ಡು ಕಟ್ಟಿದವರಲ್ಲಿ ಈಗ ಬದುಕಿರುವವನು ಅವನೊಬ್ಬನೇ. ತಾನು ಇರುವುದಿಲ್ಲವೆಂದು ತಿಳಿದವನು ಒಡ್ಡು ಕಟ್ಟುತ್ತಾನೆ; ಇರುತ್ತೇನೆಂದು ನಂಬಿದವನಿಗೆ ಅದರ ಅವಸರವಿಲ್ಲ. ಕಾಕಾ ಯಾಕೆ ಹೊಲ ಬಿಡುವುದಿಲ್ಲ ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಇದೇ.

ಅವನ ನಂತರ ಯಾರು? ಇದನ್ನೂ ಕೇಳಿದೆ. "ನಾ ಹೆಂಗ ಹೇಳ್ಲಿ? ನನ್ನ ಪಾಳಿಗೆ ಬಂದದ್ದು ನಾ ಮಾಡ್ತೀನಿ. ಹೊಲಾ ಹದಕ್ಕ ಇತ್ತಂದ್ರ ಮಾಡಾವ್ರು ಬರತಾರ" ಅಂದ. ಬರುತ್ತಾರೋ ಇಲ್ಲವೋ ಎಂಬ ಭಯ ಅವನ ದನಿಯಲ್ಲಿ ಇರಲಿಲ್ಲ ಎಂದರೆ ಸುಳ್ಳಾದೀತು. ಇತ್ತು. ಆದರೂ ಮರುದಿನ ಬೆಳಿಗ್ಗೆ ಐದಕ್ಕೇ ಕೊಡಲಿ ತೆಗೆದುಕೊಂಡು ಬದುವಿನ ಜಾಲಿ ಕಡಿಯಲು ಹೋದ.

ನಾನು ಹೊಲ ಮಾರಲಿಲ್ಲ. ಪೌತಿ ಖಾತೆಯ ಅರ್ಜಿಯಲ್ಲಿ ಅವ್ವನ ಹೆಸರು, ತಂಗಿಯ ಹೆಸರು, ಆಮೇಲೆ ನನ್ನ ಹೆಸರು ಬರೆಸಿದೆ. ತಂಗಿಯನ್ನು ಪಕ್ಕದ ತಾಲ್ಲೂಕಿಗೆ ಕೊಟ್ಟಿದ್ದೇವೆ. ಈಗ ಹದಿನೈದು ದಿನಕ್ಕೊಮ್ಮೆ ಬಂದು ಕಾಕಾನ ಜತೆ ಹೊಲ ನೋಡುತ್ತಾಳೆ. ಈ ಹಿಂಗಾರಿಗೆ ನಮ್ಮ ಪಾಲಿನಲ್ಲಿ ನಾಲ್ಕು ಎಕರೆ ಜೋಳ, ಎರಡೂವರೆ ಎಕರೆ ಕಡಲೆ. ಬಾಡಿಗೆ ಟ್ರ್ಯಾಕ್ಟರಿನಲ್ಲಿ ಬಿತ್ತನೆಯಾಯಿತು. ಮೂಲೆಗಳಲ್ಲಿ ಟ್ರ್ಯಾಕ್ಟರ್ ತಿರುಗದೆ ಉಳಿದ ಜಾಗಕ್ಕೆ ತಂಗಿ ಉಡಿಯಲ್ಲಿ ಕಾಳು ಹಾಕಿಕೊಂಡು ಕೈಯಿಂದ ಊರಿದಳು. ಐದನೆಯ ದಿನ ಜೋಳ ನೆಲ ಒಡೆದು ಬಂತು.